ದ್ರವದ ಜಿಗುಟನ್ನು ಅಳೆಯುವುದು ಹೇಗೆ?

ಮಳೆಗಾಲದಲ್ಲಿ ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ನಿಂತವರಿಗೆ ಘಟಪ್ರಭೆಯ ರಭಸ ಎಂತಹುದೆಂದು ಬೇರೆ ಹೇಳಬೇಕಾಗಿಲ್ಲ. ಕೆಮ್ಮಣ್ಣಿನ ಬಣ್ಣ ತಳೆದ ಹೊಳೆಯು ಕುದುರೆಲಾಳದಾಕಾರದ ಬಂಡೆಯಂಚಿನಿಂದ ಸುಮಾರು 52 ಮೀಟರು ಕೆಳಕ್ಕೆ ಒಮ್ಮೆಲೇ ಧುಮುಕುವುದು. ಅದೇ ದಿನ ಗೋಕಾಕ ಪಟ್ಟಣಕ್ಕೆ ಹೋಗಿ ಕರದಂಟು ಮಾಡುವವರ ಒಲೆಯ ಬಳಿ ನಿಂತರೆ ಬೇರೊಂದು ಬಗೆಯ ಹರಿವನ್ನು ಕಾಣುವೆವು. ಬಾಣಲೆಯಲ್ಲಿ ಕುದಿಯುವ ಬೆಲ್ಲದ ಪಾಕವನ್ನು ಸೌಟಿನಿಂದ ಮೇಲೆತ್ತಿದರೆ ಅದು ಆತುರವಿಲ್ಲದೆ, ಎಳೆಯೆಳೆಯಾಗಿ ಕೆಳಗಿಳಿಯುವುದು. ನೀರೂ ದ್ರವವೇ, ಪಾಕವೂ ದ್ರವವೇ. ಒಂದಕ್ಕೆ ಇಷ್ಟು ಅವಸರ, ಇನ್ನೊಂದಕ್ಕೆ ಇಷ್ಟು ನಿಧಾನ ಏಕೆ?

ದ್ರವವು ಹರಿಯುವಾಗ ಅದರೊಳಗಿನಿಂದಲೇ ಹುಟ್ಟುವ ತಡೆಗೆ ವಿಜ್ಞಾನಿಗಳು ಸ್ನಿಗ್ಧತೆ ಎಂಬ ಹೆಸರನ್ನು ಕೊಟ್ಟಿರುವರು. ಆಡುಮಾತಿನಲ್ಲಿ ಇದನ್ನು ಜಿಗುಟು ಎನ್ನಬಹುದು. ಪಾಕ ಹದಕ್ಕೆ ಬಂದಿದೆಯೇ ಎಂದು ಅಡುಗೆಯವರು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ನೋಡುವರು. ಎಣ್ಣೆ ಗಟ್ಟಿಯೋ ತೆಳುವೋ ಎಂದು ಮೇಸ್ತ್ರಿಯು ಬೆರಳಿಗೆ ಸವರಿಕೊಂಡು ಹೇಳುವನು. ಬೆರಳು ಒಳ್ಳೆಯ ಉಪಕರಣವೇ ಸರಿ. ಆದರೆ ಒಬ್ಬರ ಬೆರಳು ಕಂಡುದನ್ನು ಇನ್ನೊಬ್ಬರಿಗೆ ಕಾಗದದ ಮೇಲೆ ಬರೆದು ಕಳುಹಿಸಲು ಬರುವುದಿಲ್ಲ. ಅದಕ್ಕೆ ಅಂಕೆ ಬೇಕು, ಅಂಕೆಗೆ ಮಾಪಕ ಬೇಕು.

ತೊಡಕು ಇರುವುದು ಇಲ್ಲಿಯೇ. ಒಂದು ನೇಯ್ಗೆಯ ಕಾರ್ಖಾನೆಯನ್ನು ಊಹಿಸಿಕೊಳ್ಳೋಣ. ಹಾಸಿನ ನೂಲಿಗೆ ಹಚ್ಚುವ ಗಂಜಿಯ ಸ್ನಿಗ್ಧತೆಯನ್ನು ಒಬ್ಬನು ರಂಧ್ರವಿರುವ ಬಟ್ಟಲಿನಿಂದ ಅಳೆದು, ನಿನ್ನೆಯಷ್ಟೇ ಇದೆ ಎನ್ನುವನು. ಇನ್ನೊಬ್ಬನು ತಿರುಗುವ ಮಾಪಕದಿಂದ ಅಳೆದು, ನಿನ್ನೆಯದಕ್ಕಿಂತ ಎರಡು ಪಟ್ಟು ಗಟ್ಟಿಯಾಗಿದೆ ಎನ್ನುವನು. ಇಬ್ಬರೂ ಪ್ರಾಮಾಣಿಕರು, ಇಬ್ಬರ ಉಪಕರಣಗಳೂ ಸರಿಯಾಗಿವೆ. ಹೀಗಿದ್ದೂ ಮಗ್ಗದ ಮೇಲೆ ನೂಲು ಹರಿಯತೊಡಗಿದರೆ ನಷ್ಟ ಯಾರಿಗೆ? ಪ್ರತಿಯೊಂದು ಎಳೆ ಕಡಿದಾಗಲೂ ಮಗ್ಗ ನಿಲ್ಲುವುದು. ನೇಯ್ದಷ್ಟಕ್ಕೆ ಮಾತ್ರ ಕೂಲಿ ಪಡೆಯುವ ನೇಕಾರನ ಗಳಿಕೆಯೂ ಅಷ್ಟರಮಟ್ಟಿಗೆ ಕಡಿಯುವುದು. ಇಬ್ಬರ ಅಳತೆಗಳೂ ಸರಿಯಾಗಿದ್ದು ಪರಸ್ಪರ ವಿರುದ್ಧವಾಗಿರುವುದು ಹೇಗೆ ಸಾಧ್ಯವೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಪದರಗಳ ಜಾರಾಟ

ಎಣ್ಣೆ ಸವರಿದ ಚಪಾತಿಗಳನ್ನು ಒಂದರ ಮೇಲೊಂದು ಅಟ್ಟಿಯಾಗಿ ಇಟ್ಟು, ಎಲ್ಲಕ್ಕೂ ಮೇಲಿನದನ್ನು ಅಂಗೈಯಿಂದ ಮೆಲ್ಲನೆ ಮುಂದಕ್ಕೆ ತಳ್ಳಿ ನೋಡಿರಿ. ಮೇಲಿನದು ಹೆಚ್ಚು ಸರಿಯುವುದು, ಅದರ ಕೆಳಗಿನದು ಸ್ವಲ್ಪ ಕಡಿಮೆ, ತಳದಲ್ಲಿರುವುದು ಅಲುಗುವುದೇ ಇಲ್ಲ. ಹರಿಯುವ ದ್ರವವನ್ನೂ ಇಂತಹ ತೆಳುವಾದ ಪದರಗಳ ಅಟ್ಟಿಯೆಂದು ಭಾವಿಸಬಹುದು. ಪಾತ್ರೆಯ ಗೋಡೆಗೆ ತಾಗಿದ ಪದರ ನಿಂತೇ ಇರುವುದು. ಗೋಡೆಯಿಂದ ದೂರ ಹೋದಂತೆ ವೇಗ ಹೆಚ್ಚುವುದು. ಒಂದು ಪದರವು ನೆರೆಯ ಪದರದ ಮೇಲೆ ಜಾರುವಾಗ ಅವೆರಡರ ನಡುವೆ ಘರ್ಷಣೆ ಉಂಟಾಗುವುದು.

ಈ ಘರ್ಷಣೆಯ ನಿಯಮವನ್ನು ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟವಾದ ತನ್ನ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಸೂಚಿಸಿದನು. ಪದರಗಳು ಎಷ್ಟು ಬೇಗ ಒಂದರ ಮೇಲೊಂದು ಜಾರುವುವೋ ತಡೆಯೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುವುದೆಂಬುದು ಆ ನಿಯಮದ ಸಾರ. ಈ ಜಾರಾಟದ ತೀವ್ರತೆಯನ್ನು ನಾವು ಜಾರಿಕೆಯ ದರ ಎಂದು ಕರೆಯೋಣ. ಒಂದು ಚದರ ಮೀಟರು ಪದರವನ್ನು ಜಾರಿಸಲು ಬೇಕಾದ ಬಲವನ್ನು ಜಾರಿಕೆಯ ದರದಿಂದ ಭಾಗಿಸಿದರೆ ಬರುವುದೇ ಸ್ನಿಗ್ಧತೆ. ಅದರ ಏಕಮಾನ ಪಾಸ್ಕಲ್-ಸೆಕೆಂಡ್. ಅದರ ಸಾವಿರದಲ್ಲೊಂದು ಭಾಗ ಮಿಲಿಪಾಸ್ಕಲ್-ಸೆಕೆಂಡ್. ಹಳೆಯ ಲೆಕ್ಕದ ಸೆಂಟಿಪಾಯ್ಸ್ ಎಂಬುದೂ ಇಷ್ಟೇ.

ಸೃಷ್ಟಿಯ ಔದಾರ್ಯವೆಂಬಂತೆ, 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ ಹೆಚ್ಚುಕಡಿಮೆ ಸರಿಯಾಗಿ 1 ಮಿಲಿಪಾಸ್ಕಲ್-ಸೆಕೆಂಡ್. ಆದುದರಿಂದ ಬೇರೆ ದ್ರವಗಳು ನೀರಿಗಿಂತ ಎಷ್ಟು ಪಟ್ಟು ಜಿಗುಟೆಂದು ಹೇಳುವುದು ಸುಲಭ. ಅದೇ ಉಷ್ಣತೆಯಲ್ಲಿ ಔಡಲೆಣ್ಣೆಯು ನೀರಿಗಿಂತ ಸುಮಾರು ಸಾವಿರ ಪಟ್ಟು, ಗ್ಲಿಸರಿನ್ ಸುಮಾರು 1,400 ಪಟ್ಟು ಜಿಗುಟಾದುದು. ಡಾಂಬರಿನಂತಹ ಪಿಚ್ ಎಂಬ ವಸ್ತುವನ್ನು ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಒಡೆಯುವುದು. ಆದರೂ ಅದು ಹರಿಯುವುದು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಪಾರ್ನೆಲ್ ಎಂಬ ಪ್ರಾಧ್ಯಾಪಕನು 1927ರಲ್ಲಿ ಪಿಚ್ಚನ್ನು ಒಂದು ಆಲಿಕೆಯಲ್ಲಿ ತುಂಬಿಸಿದನು. 1930ರಲ್ಲಿ ಆಲಿಕೆಯ ತುದಿಯನ್ನು ತೆರೆದ ಮೇಲೆ 2014ರವರೆಗೆ ಅದರಿಂದ ಒಂಬತ್ತೇ ಹನಿಗಳು ಬಿದ್ದಿವೆ. ಅದರ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು 23,000 ಕೋಟಿ ಪಟ್ಟು ಎಂದು ಲೆಕ್ಕ ಹಾಕಿರುವರು. ನೀರಿನಿಂದ ಪಿಚ್ಚಿನವರೆಗೆ ಇಷ್ಟು ದೊಡ್ಡ ಹರವು ಇರುವಾಗ ಎಲ್ಲಕ್ಕೂ ಒಂದೇ ಮಾಪಕ ಸಾಲದೆಂಬುದು ಸ್ಪಷ್ಟವಾಗಿದೆ.

ಉಷ್ಣತೆಯ ಆಟ

ಯಾವ ಮಾಪಕವನ್ನು ಹಿಡಿಯುವ ಮುನ್ನವೂ ಉಷ್ಣಮಾಪಕವನ್ನು ಹಿಡಿಯಬೇಕು. ಔಡಲೆಣ್ಣೆಯ ಸ್ನಿಗ್ಧತೆ 10 ಡಿಗ್ರಿಯಲ್ಲಿ ಸುಮಾರು 2,420 ಮಿಲಿಪಾಸ್ಕಲ್-ಸೆಕೆಂಡ್ ಇರುವುದು. 20 ಡಿಗ್ರಿಯಲ್ಲಿ 986, 30 ಡಿಗ್ರಿಯಲ್ಲಿ 451, 40 ಡಿಗ್ರಿಯಲ್ಲಿ 231. ಹತ್ತು ಡಿಗ್ರಿ ಏರಿದಾಗಲೆಲ್ಲ ಜಿಗುಟು ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಯುವುದು. ಮಾಘದ ಮುಂಜಾವಿನಲ್ಲಿ ಅಳೆದ ಎಣ್ಣೆಯನ್ನು ವೈಶಾಖದ ಮಧ್ಯಾಹ್ನದಲ್ಲಿ ಅಳೆದು, ವ್ಯಾಪಾರಿಯು ಮೋಸಮಾಡಿದನೆಂದು ದೂರಿದರೆ ತಪ್ಪು ವ್ಯಾಪಾರಿಯದಲ್ಲ. ಒಳ್ಳೆಯ ಪ್ರಯೋಗಶಾಲೆಗಳಲ್ಲಿ ಮಾಪಕವನ್ನು ನೀರಿನ ತೊಟ್ಟಿಯೊಳಗೆ ಮುಳುಗಿಸಿ, ತೊಟ್ಟಿಯ ಉಷ್ಣತೆಯು ಒಂದು ಡಿಗ್ರಿಯ ಐವತ್ತನೆಯ ಒಂದು ಭಾಗದಷ್ಟೂ ಅತ್ತಿತ್ತ ಆಗದಂತೆ ಕಾಯುವರು.

ಕರಗಿದ ಪದಾರ್ಥದ ಪ್ರಮಾಣವೂ ಹೀಗೆಯೇ ಆಟವಾಡಿಸುವುದು. 20 ಡಿಗ್ರಿಯಲ್ಲಿ, ತೂಕದಲ್ಲಿ ಶೇಕಡಾ 20ರಷ್ಟು ಸಕ್ಕರೆಯುಳ್ಳ ನೀರು ಶುದ್ಧ ನೀರಿನ ಎರಡು ಪಟ್ಟು ಜಿಗುಟು. ಸಕ್ಕರೆ ಶೇಕಡಾ 40 ಆದರೆ ಆರು ಪಟ್ಟು. ಶೇಕಡಾ 60 ಆದರೆ ಐವತ್ತೆಂಟು ಪಟ್ಟು! ಪಾಕವು ಬಹಳ ಹೊತ್ತು ಸುಮ್ಮನೆ ಕುದಿಯುತ್ತಿದ್ದು, ಕೊನೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಹದ ಮೀರುವುದೇಕೆಂದು ಗೃಹಿಣಿಯರು ಕೇಳುವುದುಂಟು. ಅದಕ್ಕೆ ಈ ಅಂಕೆಗಳೇ ಉತ್ತರ.

ಲೋಮನಾಳದ ಮಾಪಕ

ಇನ್ನು ಉಪಕರಣಗಳ ಕಡೆಗೆ ಬರೋಣ. ಎಲ್ಲಕ್ಕಿಂತ ಹಳೆಯದೂ, ಇಂದಿಗೂ ಎಲ್ಲಕ್ಕಿಂತ ನಿಖರವೆನಿಸಿದುದೂ ಲೋಮನಾಳದ ಮಾಪಕ. ಕೂದಲೆಳೆಯಂತಹ ರಂಧ್ರವುಳ್ಳ ಗಾಜಿನ ಕೊಳವೆಯಲ್ಲಿ ಗೊತ್ತಾದ ಪ್ರಮಾಣದ ದ್ರವ ಹರಿದುಹೋಗಲು ಹಿಡಿಯುವ ಕಾಲವನ್ನು ಅಳೆಯುವುದೇ ಇದರ ತತ್ತ್ವ. ಜರ್ಮನಿಯ ಇಂಜಿನಿಯರ್ ಹಾಗೆನ್ 1839ರಲ್ಲಿಯೂ, ರಕ್ತ ಹರಿಯುವ ಬಗೆಯನ್ನು ತಿಳಿಯಬಯಸಿದ ಫ್ರಾನ್ಸಿನ ವೈದ್ಯ ಪ್ವಾಸೇಯ್ 1840ರ ಸುಮಾರಿನಲ್ಲಿಯೂ ಇದರ ನಿಯಮವನ್ನು ಬೇರೆಬೇರೆಯಾಗಿ ಕಂಡುಹಿಡಿದರು. ಪಾಯ್ಸ್ ಎಂಬ ಏಕಮಾನಕ್ಕೆ ಆ ವೈದ್ಯನ ಹೆಸರೇ ಮೂಲ. ಕೊಳವೆಯ ವ್ಯಾಸವನ್ನು ಎರಡು ಪಟ್ಟು ಮಾಡಿದರೆ ಅದೇ ಒತ್ತಡದಲ್ಲಿ ಹರಿಯುವ ದ್ರವ ಹದಿನಾರು ಪಟ್ಟು ಆಗುವುದೆಂಬುದು ಅವರು ಕಂಡ ಸೋಜಿಗ. ಆದುದರಿಂದಲೇ ಲೋಮನಾಳದೊಳಗೆ ಒಂದು ಕೂದಲಷ್ಟು ಕೊಳೆ ಅಂಟಿದ್ದರೂ ಲೆಕ್ಕ ಕೆಡುವುದು.

ಕೊಳವೆಯು ಅಷ್ಟು ಕಿರಿದಾಗಿರಬೇಕೇಕೆ? ಇದಕ್ಕೆ ಉತ್ತರ ಕೊಡಲು ನಮ್ಮ ಜಲಪಾತವೇ ಸಾಕು. ಬ್ರಿಟನ್ನಿನ ಆಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಗಾಜಿನ ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣದ ಎಳೆಯೊಂದನ್ನು ಬಿಟ್ಟು ನೋಡಿದನು. ಹರಿವು ನಿಧಾನವಾಗಿದ್ದಾಗ ಆ ಎಳೆ ನೇರವಾಗಿ ಸಾಗಿತು. ವೇಗ ಮಿತಿಮೀರಿದಾಗ ಸುಳಿಗಳೆದ್ದು ಬಣ್ಣ ಕದಡಿಹೋಯಿತು. ಸಾಂದ್ರತೆ, ವೇಗ, ಅಗಲ ಈ ಮೂರನ್ನು ಗುಣಿಸಿ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವ ಅಂಕೆಗೆ ಈಗ ಅವನ ಹೆಸರಿದೆ. ಕೊಳವೆಯಲ್ಲಿ ಅದು ಸುಮಾರು 2,000ಕ್ಕಿಂತ ಕಡಿಮೆಯಿದ್ದರೆ ಹರಿವು ಶಾಂತ. ಘಟಪ್ರಭೆಯು 52 ಮೀಟರು ಧುಮುಕಿದಾಗ, ಗಾಳಿಯ ತಡೆಯನ್ನು ಲೆಕ್ಕಿಸದಿದ್ದರೆ, ಸೆಕೆಂಡಿಗೆ ಸುಮಾರು 32 ಮೀಟರು ವೇಗ ಬರುವುದು. ಧಾರೆಯು ಒಂದು ಮೀಟರು ದಪ್ಪವೆಂದು ಹಿಡಿದರೆ ರೆನಾಲ್ಡ್ಸ್ ಅಂಕೆ ಮೂರು ಕೋಟಿಯನ್ನು ಮೀರುವುದು! ಅಲ್ಲಿ ನೀರಿನ ಜಿಗುಟಿಗೆ ಬೆಲೆಯೇ ಇಲ್ಲ. ಅದೇ ನೀರನ್ನು ಅರ್ಧ ಮಿಲಿಮೀಟರಿನ ಕೊಳವೆಯಲ್ಲಿ ಸೆಕೆಂಡಿಗೆ ಹತ್ತು ಸೆಂಟಿಮೀಟರಿನಂತೆ ಹರಿಸಿದರೆ ಅಂಕೆ ಬರೇ 50. ಆಗ ಜಿಗುಟೇ ಹರಿವನ್ನು ಆಳುವುದು. ಸ್ನಿಗ್ಧತೆಯನ್ನು ಅಳೆಯಬೇಕಾದರೆ ದ್ರವವನ್ನು ಶಾಂತವಾಗಿ ನಡೆಸಬೇಕು.

ಜರ್ಮನಿಯ ರಸಾಯನಶಾಸ್ತ್ರಜ್ಞ ಓಸ್ಟ್‌ವಾಲ್ಡನ ಹೆಸರಿನ, ಇಂಗ್ಲಿಷಿನ ‘ಯು’ ಅಕ್ಷರದಂತೆ ಬಾಗಿದ ಗಾಜಿನ ಮಾಪಕವನ್ನು ಕಾಲೇಜಿನ ವಿದ್ಯಾರ್ಥಿಗಳು ಬಲ್ಲರು. ಅದರ ತಿದ್ದಿದ ರೂಪಗಳಲ್ಲಿ ಉಬೆಲೋಡನದು ಹೆಸರಾದುದು. ದ್ರವವು ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ಇಳಿಯುವ ಕಾಲವನ್ನು ಮಾಪಕದ ನಿಯತಾಂಕದಿಂದ ಗುಣಿಸಿದರೆ ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿದಷ್ಟು ಬೆಲೆ ದೊರೆಯುವುದು. ಇದನ್ನು ಚಲನಾತ್ಮಕ ಸ್ನಿಗ್ಧತೆ ಎನ್ನುವರು. ನಿಯತಾಂಕ 0.03 ಎಂದೂ, ಎಣ್ಣೆ ಇಳಿಯಲು 340 ಸೆಕೆಂಡು ಹಿಡಿಯಿತೆಂದೂ ಇಟ್ಟುಕೊಳ್ಳಿ. ಚಲನಾತ್ಮಕ ಸ್ನಿಗ್ಧತೆ ಸೆಕೆಂಡಿಗೆ 10.2 ಚದರ ಮಿಲಿಮೀಟರು. ಎಣ್ಣೆಯ ಸಾಂದ್ರತೆ ಘನ ಸೆಂಟಿಮೀಟರಿಗೆ 0.85 ಗ್ರಾಂ ಆದರೆ ಸ್ನಿಗ್ಧತೆ 8.67 ಮಿಲಿಪಾಸ್ಕಲ್-ಸೆಕೆಂಡ್. ಕಾಲವು 200 ಸೆಕೆಂಡಿಗಿಂತ ಕಡಿಮೆ ಬಂದರೆ ಇನ್ನೂ ಕಿರಿದಾದ ಲೋಮನಾಳವನ್ನು ಆರಿಸಿಕೊಳ್ಳಬೇಕೆಂಬುದು ನಿಯಮ.

ಗೋಕಾಕ ಫಾಲ್ಸಿಗೆ ಹೆಸರು ತಂದ ನೂಲಿನ ಗಿರಣಿಯು ಬೀಳುವ ನೀರಿನ ಶಕ್ತಿಯನ್ನು ನೆಚ್ಚಿಕೊಂಡು 1887ರಲ್ಲಿ ಕೆಲಸಕ್ಕೆ ತೊಡಗಿತು. ಇಂತಹ ಗಿರಣಿಗಳಲ್ಲಿ ಸಾವಿರಾರು ಕದಿರುಗಳು ಹಗಲಿರುಳು ತಿರುಗುವುವು. ಇಂದಿನ ಯಂತ್ರಗಳ ಕದಿರು ನಿಮಿಷಕ್ಕೆ ಹದಿನೈದು ಸಾವಿರ ಸುತ್ತುಗಳನ್ನೂ ಮೀರುವುದುಂಟು. ಕದಿರಿನ ಬುಡಕ್ಕೆ ಹಾಕುವ ಎಣ್ಣೆ ಬೇಕಾದುದಕ್ಕಿಂತ ಗಟ್ಟಿಯಾಗಿದ್ದರೆ ಅದನ್ನು ಕದಡುವುದಕ್ಕೇ ಶಕ್ತಿ ಖರ್ಚಾಗಿ ಬುಡ ಬಿಸಿಯಾಗುವುದು. ತೀರ ತೆಳುವಾಗಿದ್ದರೆ ಲೋಹಗಳ ನಡುವಿನ ಎಣ್ಣೆಯ ಪೊರೆ ಹರಿದು ಕದಿರು ಸವೆಯುವುದು. ಒಂದು ಕದಿರಿನಲ್ಲಿ ಕಾಣದ ನಷ್ಟ ಸಾವಿರಾರು ಕದಿರುಗಳಲ್ಲಿ ದೊಡ್ಡ ಮೊತ್ತವಾಗುವುದು. ಅದಕ್ಕಾಗಿಯೇ ಯಂತ್ರದ ಎಣ್ಣೆಗಳನ್ನು 40 ಡಿಗ್ರಿಯಲ್ಲಿ ಅಳೆದ ಚಲನಾತ್ಮಕ ಸ್ನಿಗ್ಧತೆಯಂತೆ ವರ್ಗ ಮಾಡಿರುವರು. ಡಬ್ಬಿಯ ಮೇಲೆ ‘ವಿ.ಜಿ. 10’ ಎಂದಿದ್ದರೆ ಆ ಬೆಲೆ 9ರಿಂದ 11ರೊಳಗೆ ಇದೆಯೆಂದು ಅರ್ಥ. ತಿಳಿಯಾದ, ಕಸವಿಲ್ಲದ, ನ್ಯೂಟನ್ನನ ನಿಯಮವನ್ನು ಪಾಲಿಸುವ ಇಂತಹ ಎಣ್ಣೆಗಳಿಗೆ ಲೋಮನಾಳದ ಮಾಪಕವೇ ತಕ್ಕುದು.

ಬಟ್ಟಲು ಮತ್ತು ಗುಂಡು

ಎಲ್ಲರಿಗೂ ಗಾಜಿನ ಮಾಪಕವನ್ನು ಇಟ್ಟುಕೊಂಡು ತೊಟ್ಟಿ ಕಾಯಲು ಪುರಸೊತ್ತಿರುವುದಿಲ್ಲ. ಅಂತಹವರಿಗಾಗಿ ತಳದಲ್ಲಿ ರಂಧ್ರವಿರುವ ಬಟ್ಟಲುಗಳು ಬಂದವು. ಬಟ್ಟಲನ್ನು ತುಂಬಿಸಿ, ದ್ರವ ಹರಿದುಹೋಗುವ ಕಾಲವನ್ನು ಸೆಕೆಂಡುಗಳಲ್ಲಿ ಎಣಿಸಿದರಾಯಿತು. ಎಣ್ಣೆಗಳಿಗೆಂದು ಬ್ರಿಟನ್ನಿನಲ್ಲಿ ರೆಡ್‌ವುಡ್, ಅಮೆರಿಕದಲ್ಲಿ ಸೇಬೋಲ್ಟ್, ಜರ್ಮನಿಯಲ್ಲಿ ಎಂಗ್ಲರ್ ಮಾಪಕಗಳು ಬಳಕೆಗೆ ಬಂದವು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪರಿಚಿತವಾದ ರೆಡ್‌ವುಡ್ ಮಾಪಕದಲ್ಲಿ 50 ಮಿಲಿಲೀಟರು ಎಣ್ಣೆ ಸುರಿಯುವ ಕಾಲವನ್ನು ನೋಡುವರು. ಅದು 2,000 ಸೆಕೆಂಡನ್ನು ಮೀರಿದರೆ ದೊಡ್ಡ ರಂಧ್ರದ ಎರಡನೆಯ ನಮೂನೆಯನ್ನು ಬಳಸುವರು. ಬಣ್ಣಕ್ಕೆ ಫೋರ್ಡ್ ಬಟ್ಟಲು ಉಂಟು. ಹಿಡಿಯಿರುವ ಜಾನ್ ಬಟ್ಟಲನ್ನು ತೊಟ್ಟಿಯಲ್ಲಿ ಅದ್ದಿ ಮೇಲೆತ್ತಿ ಧಾರೆ ಕಡಿಯುವವರೆಗೆ ಎಣಿಸುವರು. ಅಗ್ಗ, ಗಟ್ಟಿಮುಟ್ಟು, ಯಾರು ಬೇಕಾದರೂ ಹತ್ತು ನಿಮಿಷದಲ್ಲಿ ಕಲಿಯಬಹುದು. ಆದರೆ ಸೆಕೆಂಡು ಎಂಬುದು ಸ್ನಿಗ್ಧತೆಯ ಏಕಮಾನವಲ್ಲವೆಂಬುದನ್ನು ಮರೆಯಬಾರದು. ಫೋರ್ಡ್ ಬಟ್ಟಲಿನಲ್ಲಿ ಕಾಲವು 20ರಿಂದ 100 ಸೆಕೆಂಡುಗಳ ಒಳಗೆ ಬರುವಂತೆ ರಂಧ್ರವನ್ನು ಆರಿಸಿಕೊಂಡರೆ ಮಾತ್ರ ಆ ಎಣಿಕೆಗೆ ಅರ್ಥವಿರುವುದು.

ಗುಂಡಿನ ವಿಧಾನವು ಇನ್ನೂ ಸರಳ. ದ್ರವದಲ್ಲಿ ಬಿಟ್ಟ ಸಣ್ಣ ಗುಂಡು ಮೊದಲು ವೇಗವಾಗುತ್ತ ಹೋಗಿ, ಬಳಿಕ ಒಂದೇ ವೇಗದಲ್ಲಿ ಇಳಿಯುವುದು. ಗುಂಡಿನ ತೂಕ ಒಂದು ಕಡೆ, ತೇಲುವ ಬಲ ಮತ್ತು ಜಿಗುಟಿನ ತಡೆ ಇನ್ನೊಂದು ಕಡೆ ಸರಿತೂಗುವುದೇ ಇದಕ್ಕೆ ಕಾರಣ. ಜಾರ್ಜ್ ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದ ನಿಯಮದಿಂದ ಆ ವೇಗವನ್ನು ಲೆಕ್ಕ ಹಾಕಬಹುದು. ಎರಡು ಮಿಲಿಮೀಟರು ವ್ಯಾಸದ ಉಕ್ಕಿನ ಗುಂಡು 20 ಡಿಗ್ರಿಯ ಔಡಲೆಣ್ಣೆಯಲ್ಲಿ ಸೆಕೆಂಡಿಗೆ ಸುಮಾರು ಒಂದೂವರೆ ಸೆಂಟಿಮೀಟರು ಇಳಿಯುವುದು. 30 ಡಿಗ್ರಿಯಲ್ಲಿ ಸುಮಾರು 3.3 ಸೆಂಟಿಮೀಟರು. ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದ ಮಿಲಿಕನ್ ತನ್ನ ಎಣ್ಣೆಯ ಹನಿಗಳ ಗಾತ್ರವನ್ನು ಕಂಡುಕೊಂಡುದೂ ಇದೇ ನಿಯಮದ ನೆರವಿನಿಂದ. ಆದರೆ ದ್ರವ ಪಾರದರ್ಶಕವಾಗಿರಬೇಕು, ಪಾತ್ರೆ ಗುಂಡಿಗಿಂತ ಬಹಳ ಅಗಲವಾಗಿರಬೇಕು, ಗುಂಡು ನಿಧಾನವಾಗಿ ಇಳಿಯಬೇಕು. ಅದೇ ಗುಂಡನ್ನು ನೀರಿನಲ್ಲಿ ಬಿಟ್ಟರೆ ಸುಳಿಗಳನ್ನು ಎಬ್ಬಿಸುತ್ತ ಧಾವಿಸುವುದು. ಸ್ಟೋಕ್ಸನ ನಿಯಮ ಅಲ್ಲಿ ನಡೆಯದು.

ನ್ಯೂಟನ್ನನ ಮಾತು ಕೇಳದ ದ್ರವಗಳು

ಈವರೆಗೆ ಹೇಳಿದ ಮಾಪಕಗಳೆಲ್ಲ ಒಂದು ನಂಬಿಕೆಯ ಮೇಲೆ ನಿಂತಿವೆ. ಉಷ್ಣತೆ ಒಂದೇ ಇದ್ದರೆ ದ್ರವಕ್ಕೆ ಒಂದೇ ಸ್ನಿಗ್ಧತೆ ಎಂಬುದೇ ಆ ನಂಬಿಕೆ. ನೀರು, ಎಣ್ಣೆ, ಗ್ಲಿಸರಿನ್, ಸಕ್ಕರೆಯ ಪಾಕ ಇವು ಈ ನಂಬಿಕೆಯನ್ನು ಉಳಿಸಿಕೊಳ್ಳುವುವು. ಆದರೆ ಗಟ್ಟಿ ಮೊಸರನ್ನು ಚಮಚದಿಂದ ಕಲಕಿ ನೋಡಿರಿ, ಕಲಕಿದಷ್ಟೂ ತೆಳುವಾಗುವುದು. ಗೋಡೆಯ ಬಣ್ಣವು ಕುಂಚದ ಕೆಳಗೆ ಸಲೀಸಾಗಿ ಹರಡಿ, ಕುಂಚ ಎತ್ತಿದೊಡನೆ ಇಳಿಯದೆ ನಿಲ್ಲುವುದು. ಹಲ್ಲುಜ್ಜುವ ಪೇಸ್ಟು ಒತ್ತುವವರೆಗೆ ಕೊಳವೆಯಿಂದ ಹೊರಬರುವುದೇ ಇಲ್ಲ. ಮೆಕ್ಕೆಜೋಳದ ಹಿಟ್ಟನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿದರೆ ತದ್ವಿರುದ್ಧ; ಮೆಲ್ಲನೆ ಬೆರಳಿಟ್ಟರೆ ಒಳಗಿಳಿಯುವುದು, ಗುದ್ದಿದರೆ ಕಲ್ಲಿನಂತಾಗುವುದು. ಇವುಗಳ ಸ್ನಿಗ್ಧತೆ ಎಷ್ಟೆಂದು ಕೇಳಿದರೆ, ಯಾವ ಜಾರಿಕೆಯ ದರದಲ್ಲಿ ಎಂದು ಮರುಪ್ರಶ್ನೆ ಹಾಕಬೇಕಾಗುವುದು. ಇಂತಹ ಹರಿವುಗಳ ಅಧ್ಯಯನಕ್ಕೆ ಅಮೆರಿಕದ ಬಿಂಗ್‌ಹ್ಯಾಮ್ 1920ರಲ್ಲಿ ರಿಯಾಲಜಿ ಎಂಬ ಹೆಸರನ್ನಿಟ್ಟನು.

ಈಗ ನಮ್ಮ ನೇಯ್ಗೆಯ ಕಾರ್ಖಾನೆಗೆ ಹಿಂದಿರುಗೋಣ. ಗಂಜಿಯಲ್ಲಿ ಬೆಂದು ಉಬ್ಬಿದ ಪಿಷ್ಟದ ಕಣಗಳೂ ಉದ್ದುದ್ದನೆಯ ಪಿಷ್ಟದ ಅಣುಗಳೂ ಇರುವುವು. ನಿಧಾನವಾಗಿ ಹರಿಯುವಾಗ ಇವು ಒಂದಕ್ಕೊಂದು ತೊಡರಿಕೊಳ್ಳುವುವು. ವೇಗವಾಗಿ ಜಾರಿಸಿದಾಗ ಹರಿವಿನ ದಿಕ್ಕಿಗೆ ಸಾಲಾಗಿ ನಿಂತು ದಾರಿ ಬಿಡುವುವು. ಬಟ್ಟಲಿನ ಸಣ್ಣ ರಂಧ್ರದಲ್ಲಿ ಗಂಜಿಯು ಬೇಗ ನುಗ್ಗಿತು. ತಿರುಗುವ ಮಾಪಕದಲ್ಲಿ ನಿಧಾನವಾಗಿ ಕದಡಿತು. ಎರಡು ಗಂಜಿಗಳು ವೇಗದ ಜಾರಿಕೆಯಲ್ಲಿ ಸಮನಾಗಿದ್ದು, ನಿಧಾನದ ಜಾರಿಕೆಯಲ್ಲಿ ಒಂದು ಇನ್ನೊಂದರ ಎರಡು ಪಟ್ಟು ಜಿಗುಟಾಗಿರಲು ಯಾವ ಅಡ್ಡಿಯೂ ಇಲ್ಲ. ಇಬ್ಬರೂ ಹೇಳಿದುದು ನಿಜ. ಅವರು ಬೇರೆಬೇರೆ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದರು, ಅಷ್ಟೇ.

ನೇಕಾರನಿಗೆ ಬೇಕಾದುದು ಯಾವ ಉತ್ತರ? ಗಂಜಿಯ ಸ್ವಲ್ಪ ಭಾಗ ನೂಲಿನೊಳಗೆ ಇಳಿದು ಎಳೆಗಳನ್ನು ಹಿಡಿಯಬೇಕು, ಉಳಿದುದು ಮೇಲೆ ಪೊರೆಯಾಗಿ ನಿಂತು ಚಾಚಿದ ಕೂದಲುಗಳನ್ನು ಅಂಟಿಸಬೇಕು. ಗಂಜಿ ತೀರ ತೆಳುವಾದರೆ ಎಲ್ಲವೂ ಒಳಗಿಳಿದು ಮೇಲ್ಮೈ ಬರಿದಾಗುವುದು. ತೀರ ಗಟ್ಟಿಯಾದರೆ ಹೊರಗೇ ನಿಂತು, ಹಣಿಗೆಯ ಉಜ್ಜಾಟಕ್ಕೆ ಪುಡಿಪುಡಿಯಾಗಿ ಉದುರುವುದು. ಎರಡೂ ಬಗೆಯಲ್ಲಿ ನೂಲು ಹರಿಯುವುದು. ನೂಲು ಉರುಳೆಗಳ ನಡುವೆ ಹಿಂಡಿಸಿಕೊಳ್ಳುವಾಗ ಜಾರಿಕೆಯ ದರ ಹೆಚ್ಚು. ಹಿಂಡಿದ ಮೇಲೆ ಗಂಜಿ ನೂಲಿನ ಮೇಲೆ ನಿಲ್ಲುವಾಗ ಅದು ಬಹಳ ಕಡಿಮೆ. ಆದುದರಿಂದ ಹೊಸ ಬಗೆಯ ಪಿಷ್ಟವನ್ನು ಆರಿಸುವಾಗ ಹಲವು ವೇಗಗಳಲ್ಲಿ ಅಳೆಯಬೇಕು. ಒಮ್ಮೆ ಆರಿಸಿದ ಮೇಲೆ ಪ್ರತಿ ಪಾಳಿಯಲ್ಲಿಯೂ ಹದ ತಪ್ಪಿಲ್ಲವೆಂದು ನೋಡಿಕೊಳ್ಳಲು ಬಟ್ಟಲು ಸಾಕು. ಆದರೆ ಅಳೆಯುವುದು ಬೇಯಿಸಿದ ಪಾತ್ರೆಯಲ್ಲಲ್ಲ, ನೂಲು ಅದ್ದುವ ತೊಟ್ಟಿಯಲ್ಲಿ ಆಗಬೇಕು. ಬಹಳ ಹೊತ್ತು ಬಿಸಿಯಲ್ಲಿ ಕದಡಿದ ಗಂಜಿ ತಾನಾಗಿಯೇ ತೆಳುವಾಗುವುದುಂಟು.

ತಿರುಗುವ ಮಾಪಕ

ಹಲವು ವೇಗಗಳಲ್ಲಿ ಅಳೆಯುವ ಅನುಕೂಲವಿರುವುದು ತಿರುಗುವ ಮಾಪಕದಲ್ಲಿ. ಫ್ರಾನ್ಸಿನ ಮಾರಿಸ್ ಕ್ವೆಟ್ 1890ರಲ್ಲಿ ಒಂದರೊಳಗೊಂದು ಇಟ್ಟ ಎರಡು ಉರುಳೆಗಳ ನಡುವೆ ದ್ರವವನ್ನು ತುಂಬಿಸಿ, ಹೊರಗಿನದನ್ನು ತಿರುಗಿಸಿ, ಒಳಗಿನದರ ಮೇಲೆ ಬೀಳುವ ತಿರುಚುಬಲವನ್ನು ಅಳೆದನು. ಇಂದು ಕಾರ್ಖಾನೆಗಳಲ್ಲಿ ಕಾಣುವ ಮಾಪಕದಲ್ಲಿ ದ್ರವದೊಳಗೆ ಮುಳುಗಿದ ಬಿಲ್ಲೆಯೋ ಉರುಳೆಯೋ ಗೊತ್ತಾದ ವೇಗದಲ್ಲಿ ತಿರುಗುವುದು. ನೂಲಿನ ಕದಿರಿಗೂ ಇದಕ್ಕೂ ಇಂಗ್ಲಿಷಿನಲ್ಲಿ ಸ್ಪಿಂಡಲ್ ಎಂಬ ಒಂದೇ ಹೆಸರು! ದ್ರವದ ತಡೆಯು ಸುರುಳಿ ಕಮಾನನ್ನು ಎಷ್ಟು ತಿರುಚುವುದೆಂಬುದರಿಂದ ಸ್ನಿಗ್ಧತೆ ಗೊತ್ತಾಗುವುದು. ಮುಳ್ಳು ಪೂರ್ಣ ಅಳತೆಯ ಶೇಕಡಾ 10ಕ್ಕಿಂತ ಕೆಳಗೆ ನಿಂತರೆ ಆ ಓದು ನೆಚ್ಚತಕ್ಕದ್ದಲ್ಲ. ದೊಡ್ಡ ಬಿಲ್ಲೆಯನ್ನೋ ಹೆಚ್ಚಿನ ವೇಗವನ್ನೋ ಹಿಡಿಯಬೇಕು. ಜಾರಿಕೆಯ ದರ ಎಲ್ಲೆಡೆಯೂ ಒಂದೇ ಇರಬೇಕೆನ್ನುವ ಸಂಶೋಧಕರು ಶಂಕುವನ್ನು ತಟ್ಟೆಯ ಮೇಲೆ ಇಟ್ಟ ನಮೂನೆಯನ್ನು ಬಳಸುವರು.

ಕಬ್ಬಿನ ಸೀಮೆಯಲ್ಲಿ ಈ ಮಾಪಕಕ್ಕೆ ದೊಡ್ಡ ಕೆಲಸವಿದೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಯಿಂದ ಹಿಡಿದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಬದುಕಿನೊಡನೆ ಸಕ್ಕರೆ ಹೆಣೆದುಕೊಂಡಿದೆ. ಸಕ್ಕರೆಯ ಹರಳುಗಳೂ ಕಾಕಂಬಿಯೂ ಬೆರೆತ ದಪ್ಪ ಪಾಕವನ್ನು ರಂಧ್ರಗಳುಳ್ಳ ಬುಟ್ಟಿಯಲ್ಲಿ ಗರಗರನೆ ತಿರುಗಿಸಿ ಕಾಕಂಬಿಯನ್ನು ಹೊರಕ್ಕೆ ಹಾಕುವರು. ಕಾಕಂಬಿ ಬಹಳ ಜಿಗುಟಾದರೆ ಹರಳುಗಳನ್ನು ಬಿಡುವುದಿಲ್ಲ, ಹರಳು ಬೆಳೆಯಲೂ ಬಿಡುವುದಿಲ್ಲ. ಸಕ್ಕರೆಯಾಗಬೇಕಾದುದು ಕಾಕಂಬಿಯಲ್ಲಿಯೇ ಉಳಿದುಹೋಗುವುದು. ಕಡಿದ ಕಬ್ಬು ಬಿಸಿಲಿನಲ್ಲಿ ದಿನಗಟ್ಟಲೆ ಕಾದರೆ ಲ್ಯೂಕೊನೊಸ್ಟಾಕ್ ಎಂಬ ಸೂಕ್ಷ್ಮಜೀವಿಗಳು ಅದರ ಸಕ್ಕರೆಯನ್ನು ಡೆಕ್ಸ್ಟ್ರಾನ್ ಎಂಬ ಅಂಟನ್ನಾಗಿ ಮಾರ್ಪಡಿಸುವುವು. ಸಕ್ಕರೆಯೂ ಹೋಯಿತು, ಜಿಗುಟೂ ಏರಿತು. ಹೀಗೆ ಕಾರ್ಖಾನೆಯ ಬಾಗಿಲಲ್ಲಿ ನಿಂತ ಗಾಡಿಗಳ ಸಾಲಿನ ಲೆಕ್ಕವನ್ನು ಒಳಗಿನ ಮಾಪಕವು ಹೇಳುವುದು. ಹರಳು ತುಂಬಿದ, ಬೆಳಕು ತೂರದ ಈ ಪಾಕವನ್ನು ಲೋಮನಾಳಕ್ಕೆ ಹಾಕುವಂತಿಲ್ಲ, ಗುಂಡು ಬಿಟ್ಟರೆ ಕಾಣುವುದಿಲ್ಲ. ಇಲ್ಲಿ ತಿರುಗುವ ಮಾಪಕವೇ ಗತಿ. ಕೊಳವೆಯಲ್ಲಿ ಹರಿಯುತ್ತಿರುವಾಗಲೇ ಅಳೆಯಬೇಕೆಂದರೆ ದ್ರವದೊಳಗೆ ಕಂಪಿಸುವ ಸಲಾಕೆಯುಳ್ಳ ಮಾಪಕಗಳೂ ಈಗ ಉಂಟು. ಜಿಗುಟು ಹೆಚ್ಚಿದಂತೆ ಕಂಪನ ಬೇಗ ಉಡುಗುವುದೇ ಅವುಗಳ ಗುಟ್ಟು.

ಆರಿಸುವ ಮುನ್ನ

ಹಾಗಾದರೆ ಮಾಪಕವನ್ನು ಕೊಳ್ಳಲು ಹೊರಟವನು ಏನನ್ನು ಕೇಳಿಕೊಳ್ಳಬೇಕು? ಮೊದಲನೆಯದಾಗಿ, ದ್ರವವು ವೇಗ ಬದಲಾದಾಗ ತನ್ನ ಜಿಗುಟನ್ನು ಬದಲಿಸುವುದೇ? ಬದಲಿಸುವುದಾದರೆ ತಿರುಗುವ ಮಾಪಕವನ್ನು ಬಿಟ್ಟು ಬೇರೆಯದನ್ನು ನೋಡಬೇಕಾಗಿಲ್ಲ. ಎರಡನೆಯದಾಗಿ, ಜಿಗುಟು ಎಷ್ಟರಿಂದ ಎಷ್ಟರವರೆಗೆ ಇರಬಹುದು? ಮೂರನೆಯದಾಗಿ, ದ್ರವ ತಿಳಿಯೋ ಕದಡೋ, ಅದರಲ್ಲಿ ಕಣಗಳಿವೆಯೋ? ನಾಲ್ಕನೆಯದಾಗಿ, ಉಷ್ಣತೆಯನ್ನು ಕಾಯಲು ಅನುಕೂಲವಿದೆಯೇ? ಐದನೆಯದಾಗಿ, ಬೇಕಾದುದು ನಿಜವಾದ ಸ್ನಿಗ್ಧತೆಯೋ, ಅಥವಾ ನಿನ್ನೆಯಂತೆಯೇ ಇಂದೂ ಇದೆಯೆಂಬ ಭರವಸೆಯೋ? ಭರವಸೆಯಷ್ಟೇ ಸಾಕಾದರೆ ಬಟ್ಟಲಿಗೆ ಮೀರಿದ ಖರ್ಚು ವ್ಯರ್ಥ. ಕೊನೆಯದಾಗಿ, ಆ ದ್ರವವು ತನ್ನ ಕೆಲಸದಲ್ಲಿ ಎಷ್ಟು ವೇಗದಿಂದ ಜಾರುವುದು? ಅಳೆಯುವ ವೇಗವು ಅದಕ್ಕೆ ಹತ್ತಿರವಿದ್ದಷ್ಟೂ ಅಳತೆ ಉಪಯುಕ್ತ.

ಅಳೆದುದನ್ನು ಬರೆದಿಡುವಾಗ ಅಂಕೆಯ ಜೊತೆಗೆ ಉಷ್ಣತೆ, ಮಾಪಕದ ನಮೂನೆ, ಬಿಲ್ಲೆ ಅಥವಾ ರಂಧ್ರದ ಸಂಖ್ಯೆ, ತಿರುಗಿದ ವೇಗ, ಕಳೆದ ಕಾಲ ಇವನ್ನೂ ಬರೆಯಬೇಕು. ಇವಿಲ್ಲದ ಅಂಕೆಯು ಅಳತೆಗೋಲು ಯಾವುದೆಂದು ಹೇಳದೆ, ಬಟ್ಟೆ ಐದು ಇದೆಯೆಂದಂತೆ.

ಕರದಂಟಿನ ಒಲೆಯ ಬಳಿ ಬೆರಳಿನಲ್ಲಿ ಎಳೆ ತೆಗೆಯುವವರ ಅಳತೆ ಇವುಗಳಲ್ಲಿ ಯಾವ ಗುಂಪಿಗೆ ಸೇರಿದುದು? ಯಾವುದಕ್ಕೂ ಇಲ್ಲ. ಅವರು ಪಾಕವನ್ನು ಜಾರಿಸುವುದಕ್ಕಿಂತ ಹೆಚ್ಚಾಗಿ ಹಿಗ್ಗಿಸುವರು. ಹಿಗ್ಗುವಾಗ ದ್ರವ ತೋರುವ ತಡೆಯನ್ನು ಅಳೆಯುವುದಕ್ಕೆ ಪ್ರಯೋಗಶಾಲೆಗಳಲ್ಲಿ ಪ್ರತ್ಯೇಕ ಉಪಕರಣಗಳೇ ಇವೆ. ಆ ಬೆರಳುಗಳನ್ನು ನಾವು ಹಗುರವಾಗಿ ಕಾಣುವಂತಿಲ್ಲ.

ಆಸಕ್ತಿಯುಳ್ಳ ಓದುಗರು ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಬಹುದು. ಅಗಲವಾದ, ಎತ್ತರದ ಗಾಜಿನ ಪಾತ್ರೆಯಲ್ಲಿ ಔಡಲೆಣ್ಣೆಯನ್ನು ತುಂಬಿಸಿ, ಹೊರಗೆ ಎರಡು ಗೆರೆಗಳನ್ನು ಎಳೆದು, ಸೈಕಲ್ಲಿನ ಬೇರಿಂಗಿನಲ್ಲಿರುವಂತಹ ಗುಂಡುಗಳಲ್ಲಿ ಅತಿ ಸಣ್ಣದನ್ನು ಆರಿಸಿ ಮೆಲ್ಲನೆ ಒಳಗೆ ಬಿಡಿರಿ. ಗೆರೆಯಿಂದ ಗೆರೆಗೆ ಇಳಿಯುವ ಕಾಲವನ್ನು ಒಮ್ಮೆ ಬೆಳಗಿನ ತಂಪಿನಲ್ಲಿ, ಒಮ್ಮೆ ಮಧ್ಯಾಹ್ನದ ಬಿಸಿಲಿನಲ್ಲಿ ಎಣಿಸಿ, ಪಕ್ಕದಲ್ಲಿ ಉಷ್ಣತೆಯನ್ನೂ ಬರೆದಿಡಿರಿ. ಒಂದೇ ಎಣ್ಣೆಗೆ ಎರಡು ಅಂಕೆಗಳು ಬರುವುವು, ಎರಡೂ ಸರಿಯಾಗಿರುವುವು.